ಎಲ್ಕ್ ಬೇಟೆಗೆ ಹೊರಡುವ ಮುನ್ನ: ಫ್ಲ್ಯಾಟ್ ಟಾಪ್ಸ್ ಕಾಡಿನಲ್ಲಿ ಕೈ ಹಿಡಿದ ಸಾಮಾನುಗಳು

ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ. ಅದರ ಬೇಟೆಗೆ ಹೋಗಬೇಕು ಅನ್ನುವವರು ಮೊದಲು ಕೇಳುವುದು ಕೋವಿ ಯಾವುದು ಅಂತ. ಆಮೇಲೆ ಬೂಟು, ಆಮೇಲೆ ಬೈನಾಕ್ಯುಲರ್. ದಾರಿ ಹುಡುಕುವುದು ಹೇಗೆ, ತಡವಾದರೆ ಮನೆಗೆ ಸುದ್ದಿ ಮುಟ್ಟಿಸುವುದು ಹೇಗೆ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ, ಅಷ್ಟರಲ್ಲಿ ದುಡ್ಡೂ ಮುಗಿದಿರುತ್ತದೆ. ಅಕ್ಟೋಬರ್ ಕೊನೆಯಲ್ಲಿ, ಎರಡನೇ ರೈಫಲ್ ಸೀಸನ್ನಿಗೆ (ಕೋವಿ ಬೇಟೆಗೆ ಬಿಡುವ ಎರಡನೇ ಅವಧಿ), ಅಮೆರಿಕದ ಕೊಲೊರಾಡೊ ರಾಜ್ಯದ ಫ್ಲ್ಯಾಟ್ ಟಾಪ್ಸ್‌ಗೆ ಹೋಗಿ ಬಂದ ಮೇಲೆ ಡೆನ್ವರ್ ಕಡೆಯ ನಮ್ಮವರು ಯಾರು ಕೇಳಿದರೂ ನಾನು ಒಂದೇ ಮಾತು ಹೇಳುತ್ತಿದ್ದೇನೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಮೆಸೇಜ್ ಕಳಿಸುವುದಕ್ಕೂ ಪಡೆಯುವುದಕ್ಕೂ ಬರುವ ಒಂದು ಸ್ಯಾಟಲೈಟ್ ಮೆಸೆಂಜರ್ ಮೊದಲು ತಗೊಳ್ಳಿ. ಬೇಟೆಯಲ್ಲಿ ಪ್ರಾಣಾಪಾಯ ಅಪರೂಪ, ತಡವಾಗುವುದು ದಿನಾ ಇದ್ದದ್ದೇ.

ಯಾಕೆ ತಡವಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಕೊಲೊರಾಡೊದಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಗುಂಡು ಹಾರಿಸಬಹುದು. ಎಲ್ಕ್ ಮೇಯಲು ಹೊರಗೆ ಬರುವುದೂ ಅದೇ ಹೊತ್ತಿಗೆ. ಅಂದರೆ ಪ್ರಾಣಿ ಬಿದ್ದಾಗ ಹೆಚ್ಚುಕಮ್ಮಿ ಕತ್ತಲಾಗಿರುತ್ತದೆ. ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತದೆ, ಒಂದು ಹಿಂದೊಡೆಯೇ 25 ಕಿಲೋ ಮೀರುತ್ತದೆ. ವಿಲ್ಡರ್‌ನೆಸ್ ಅಂತ ಗುರುತಿಸಿದ ಕಾಡಿನೊಳಗೆ ಗಾಡಿಗೆ ಪ್ರವೇಶವಿಲ್ಲ, ಕೈಯಲ್ಲಿ ತಳ್ಳುವ ಚಕ್ರದ ಗಾಡಿಗೂ ಇಲ್ಲ. ಕುದುರೆ ಇಲ್ಲದಿದ್ದರೆ ಬೆನ್ನೇ ಗತಿ. ಚರ್ಮ ಸುಲಿದು, ಮಾಂಸ ಬಿಡಿಸಿ, ಕರಡಿಗೆ ಸಿಗದ ಹಾಗೆ ಮರಕ್ಕೆ ನೇತುಹಾಕಿ, ಒಂದು ಹೊರೆ ಹೊತ್ತು ಟೆಂಟಿಗೆ ಬರುವಷ್ಟರಲ್ಲಿ ಮಧ್ಯರಾತ್ರಿ. ಚಾರಣಕ್ಕೆ ಹೋದವರು ಕತ್ತಲಾಗುವ ಮುಂಚೆ ಬಂದುಬಿಡಬಹುದು, ಅದೂ ಕಾಲುದಾರಿಯಲ್ಲೇ. ಬೇಟೆಯವರು ಕಾಲುದಾರಿ ಬಿಟ್ಟು ಪ್ರಾಣಿ ಹೋದ ಕಡೆ ಹೋಗಬೇಕು, ಬರುವಾಗ ಕತ್ತಲಲ್ಲಿ ಬರಬೇಕು. ಸಾಮಾನು ಆರಿಸುವಾಗ ಈ ವ್ಯತ್ಯಾಸ ನೆನಪಿರಲಿ.

ಫ್ಲ್ಯಾಟ್ ಟಾಪ್ಸ್ ಇರುವುದು ರಾಜ್ಯದ ವಾಯವ್ಯದಲ್ಲಿ, ಮೀಕರ್ ಮತ್ತು ಯಾಂಪಾ ಊರುಗಳ ನಡುವೆ. 1975ರಲ್ಲಿ ವಿಲ್ಡರ್‌ನೆಸ್ ಆದ, ಸುಮಾರು 2,35,000 ಎಕರೆಯ ಜಾಗ. ಕೊಲೊರಾಡೊದ ಅತಿ ದೊಡ್ಡ ಎಲ್ಕ್ ಹಿಂಡು, ವೈಟ್ ರಿವರ್ ಹಿಂಡು, ಓಡಾಡುವುದು ಈ ಸೀಮೆಯಲ್ಲೇ. ಮೇಲೆ 11,000 ಅಡಿ ಎತ್ತರದಲ್ಲಿ ಮಟ್ಟಸವಾದ ಬಯಲು, ಅದರ ಅಂಚಿನಲ್ಲಿ ಕಡಿದಾದ ಬಂಡೆ, ಕೆಳಗೆ ಸ್ಪ್ರೂಸ್ ಕಾಡು ಮತ್ತು ಕೆರೆಗಳು. ಬಯಲಿನ ಮೇಲೆ ಮೋಡ ಕವಿದರೆ ನಾಲ್ಕೂ ದಿಕ್ಕು ಒಂದೇ ಥರ ಕಾಣುತ್ತದೆ. ಅಂಚಿನಿಂದ ಇಳಿಯಲು ದಾರಿ ಇರುವುದು ಕೆಲವೇ ಕಡೆ. ಆದ್ದರಿಂದ ನಕ್ಷೆಯಲ್ಲಿ ನೀವು ಮೊದಲು ಗುರುತು ಹಾಕಬೇಕಾದ್ದು ಆ ಇಳಿಯುವ ಜಾಗಗಳನ್ನು. ಎಲ್ಕ್ ಎಲ್ಲಿದೆ ಅನ್ನುವುದು ಆಮೇಲೆ. ಟ್ರ್ಯಾಪರ್ಸ್ ಕೆರೆಯ ಸುತ್ತ 2002ರಲ್ಲಿ ಬಿಗ್ ಫಿಶ್ ಬೆಂಕಿಗೆ ಸಿಕ್ಕಿದ ಕಾಡು ಬೇರೆ ಇದೆ. ಸುಟ್ಟು ನಿಂತ ಮರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಫೋನ್ ತೋರಿಸುವ ನೇರ ಗೆರೆಯ ಮೇಲೆ ಅಲ್ಲಿ ನಡೆಯಲು ಆಗುವುದಿಲ್ಲ, ಸುತ್ತು ಹಾಕಲೇಬೇಕು.

ಒಂದು ಸಂಜೆಯ ವಿಷಯ ಹೇಳಬೇಕು. ನಮ್ಮ ಜೊತೆ ಮಡಿಕೇರಿ ಕಡೆಯ ಗೆಳೆಯನೊಬ್ಬ ಇದ್ದ. ಮನೆಯಲ್ಲಿ ಕೋವಿ ಇಟ್ಟು ಪೂಜೆ ಮಾಡುವ ಮನೆತನ. ಆದರೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ನಿಂತುಹೋಯಿತು. ಹಾಗಾಗಿ ಅವನು ಬೇಟೆ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಹಂಟರ್ ಎಜುಕೇಶನ್ ಕೋರ್ಸ್ ಮಾಡಿ. ಗುಂಡು ಹಾರಿಸಿದ ಮೇಲೆ ಅವನು ಇದ್ದ ಜಾಗ ಬಿಟ್ಟು ಅಲ್ಲಾಡಲಿಲ್ಲ. ಮೊದಲು ಫೋನ್ ತೆಗೆದು ತಾನು ನಿಂತ ಜಾಗಕ್ಕೆ ಒಂದು ಗುರುತು ಹಾಕಿದ. ಪಕ್ಕದ ಕೊಂಬೆಗೆ ಕಿತ್ತಳೆ ಬಣ್ಣದ ಟೇಪು ಕಟ್ಟಿದ. ಆಮೇಲೆ ಎಲ್ಕ್ ನಿಂತಿದ್ದ ಕಡೆ ನಡೆದು ಅಲ್ಲಿ ಎರಡನೇ ಗುರುತು, ಮೊದಲ ರಕ್ತದ ಹನಿ ಕಂಡಲ್ಲಿ ಮೂರನೇದು. ಹತ್ತು ಹೆಜ್ಜೆ, ಒಂದು ಹನಿ, ಮತ್ತೆ ಟೇಪು. ಹೆಡ್‌ಲ್ಯಾಂಪಿನ ಬೆಳಕಿಗೆ ಹಿಂದೆ ತಿರುಗಿ ನೋಡಿದರೆ ಟೇಪುಗಳು ಸಾಲಾಗಿ ಕಂಡು ಪ್ರಾಣಿ ಯಾವ ಕಡೆ ತಿರುಗಿದೆ ಅಂತ ಗೊತ್ತಾಗುತ್ತಿತ್ತು. ಎಲ್ಕ್ ಸಿಕ್ಕಿದ ಜಾಗಕ್ಕೂ ಗುರುತು ಹಾಕಿದೆವು. ಮಾರನೇ ದಿನ ಉಳಿದ ಮಾಂಸಕ್ಕೆ ಬಂದಾಗ ರಾತ್ರಿ ಹಿಮ ಬಿದ್ದು ಹೆಜ್ಜೆ, ರಕ್ತ ಎಲ್ಲಾ ಮುಚ್ಚಿಹೋಗಿತ್ತು. ಆ ಗುರುತು ಇಲ್ಲದಿದ್ದರೆ ಮರ ಹುಡುಕುವುದರಲ್ಲೇ ಮಧ್ಯಾಹ್ನ ಆಗುತ್ತಿತ್ತು. ಕೆಲಸ ಮುಗಿದ ಮೇಲೆ ಟೇಪುಗಳನ್ನೆಲ್ಲ ಬಿಚ್ಚಿಕೊಂಡು ಬನ್ನಿ.

ಅದೇ ರಾತ್ರಿ, ಚರ್ಮ ಸುಲಿಯಲು ಕೂರುವ ಮುಂಚೆ, ಮೆಸೆಂಜರ್‌ನಿಂದ ಮನೆಗೆ ಒಂದು ಸಾಲು ಹೋಯಿತು: ‘ಎಲ್ಕ್ ಸಿಕ್ಕಿದೆ, ಎಲ್ಲರೂ ಆರಾಮ, ಟೆಂಟಿಗೆ ಬರುವುದು ತುಂಬಾ ತಡ.’ ಸ್ವಲ್ಪ ಹೊತ್ತಿಗೆ ಹೆಂಡತಿಯ ಉತ್ತರವೂ ಬಂತು: ‘ಸರಿ, ಹುಷಾರು. ನಾಳೆ ಹನ್ನೊಂದಕ್ಕೆ ಹಿಮ ಜಾಸ್ತಿ ಅಂತಿದ್ದಾರೆ, ಅಷ್ಟರೊಳಗೆ ಇಳಿದುಬಿಡಿ.’ ಆ ಎರಡನೇ ಸಾಲು ನೋಡಿಯೇ ನಾವು ಬೆಳಗಿನ ಜಾವ ಬೇಗ ಹೊರಟದ್ದು.

ಇಂಥ ಮೆಸೆಂಜರ್‌ಗಳಲ್ಲಿ ನಾವು ಒಯ್ದದ್ದು ಗಾರ್ಮಿನ್ ಇನ್‌ರೀಚ್ ಮಿನಿ 2. ಬರೀ 100 ಗ್ರಾಂ ತೂಕ. ಇದು ಇರಿಡಿಯಂ ಉಪಗ್ರಹಗಳ ಮೂಲಕ ಕೆಲಸ ಮಾಡುತ್ತದೆ. ಅವು 66 ಇವೆ, ಇಡೀ ಭೂಮಿಯನ್ನು ಸುತ್ತುತ್ತವೆ, ಹಾಗಾಗಿ ಒಂದು ಮರೆಯಾದರೆ ಇನ್ನೊಂದು ಬರುತ್ತದೆ. ದಟ್ಟ ಮರಗಳ ಕೆಳಗೆ ಅಥವಾ ಕಿರಿದಾದ ಕಣಿವೆಯಲ್ಲಿ ಮೆಸೇಜ್ ಹೋಗಲು ಕೆಲವು ನಿಮಿಷ ಹಿಡಿಯುತ್ತದೆ. ಚೀಲದ ಒಳಗೆ ತುರುಕಬೇಡಿ, ಭುಜದ ಪಟ್ಟಿಗೆ ಆಕಾಶ ಕಾಣುವ ಹಾಗೆ ಸಿಕ್ಕಿಸಿ. ಎಸ್‌ಒಎಸ್ ಒತ್ತಿದರೆ ಗಾರ್ಮಿನ್‌ನ ತುರ್ತು ಕೇಂದ್ರಕ್ಕೆ ಹೋಗುತ್ತದೆ. ಅವರು ಮೆಸೇಜಿನಲ್ಲೇ ಏನಾಯಿತು, ಎಷ್ಟು ಜನ, ನಡೆಯಲು ಆಗುತ್ತದೆಯೇ ಅಂತ ಕೇಳಿ, ಆ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥ ಶೆರಿಫ್‌ಗೆ ತಿಳಿಸುತ್ತಾರೆ. ಕಾಲು ಉಳುಕಿದವನಿಗೂ ರಕ್ತ ನಿಲ್ಲದವನಿಗೂ ಒಂದೇ ಥರ ಸಹಾಯ ಬೇಕಾಗಿಲ್ಲ, ಅಲ್ವಾ? ಈ ಪ್ರಶ್ನೋತ್ತರ ಇರುವುದರಿಂದ ಬರುವವರು ಸರಿಯಾದ ಸಾಮಾನು ತಗೊಂಡು ಬರುತ್ತಾರೆ. ಒಂದು ಎಚ್ಚರ: ಚಂದಾ ಕಟ್ಟದಿದ್ದರೆ ಎಸ್‌ಒಎಸ್ ಕೂಡ ಹೋಗುವುದಿಲ್ಲ. ಹೊರಡುವ ವಾರ ಚಂದಾ ಚಾಲೂ ಇದೆಯೇ ನೋಡಿ, ಹಿತ್ತಲಲ್ಲಿ ನಿಂತು ಒಂದು ಮೆಸೇಜ್ ಕಳಿಸಿ, ಉತ್ತರ ಬಂತೇ ನೋಡಿ.

ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್), ಅಂದರೆ ತುರ್ತು ಸಂಕೇತವನ್ನಷ್ಟೇ ಕಳಿಸುವ ಸಾಧನ, ಬೇರೆ ಜಾತಿ. ಚಂದಾ ಇಲ್ಲ, ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ, 406 ಮೆಗಾಹರ್ಟ್ಸ್‌ನಲ್ಲಿ ಗಟ್ಟಿ ಸಂಕೇತ ಕಳಿಸುತ್ತದೆ. ಕೊಂಡ ಮೇಲೆ ಅಮೆರಿಕದಲ್ಲಿ ಸರ್ಕಾರದ ಹವಾಮಾನ ಸಂಸ್ಥೆಯಾದ ನೋವಾದಲ್ಲಿ ಉಚಿತವಾಗಿ ನೋಂದಾಯಿಸಬೇಕು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಂಕೇತ ಸಿಕ್ಕಿದಾಗ ಅವರು ಮೊದಲು ಫೋನ್ ಮಾಡುವುದು ನೀವು ಅಲ್ಲಿ ಬರೆಸಿದ ನಂಬರಿಗೆ. ಬೆಂಗಳೂರಿನ ಅಮ್ಮನ ನಂಬರ್ ಬರೆಸಿದರೆ ಪ್ರಯೋಜನವಿಲ್ಲ, ನಿಮ್ಮ ಪ್ರಯಾಣದ ವಿವರ ಗೊತ್ತಿರುವ, ಇಲ್ಲೇ ಇರುವವರ ನಂಬರ್ ಕೊಡಿ. ಪಿಎಲ್‌ಬಿ ಒಳ್ಳೆಯದೇ. ಆದರೆ ‘ತಡವಾಗುತ್ತದೆ, ಗಾಬರಿ ಬೇಡ’ ಅಂತ ಹೇಳಲು ಅದಕ್ಕೆ ಬರುವುದಿಲ್ಲ. ಒಬ್ಬರೇ ಹೋಗುವವರು ಮೆಸೆಂಜರ್ ಜೊತೆ ಅದನ್ನೂ ಇಟ್ಟುಕೊಂಡರೆ ನಾನು ಬೇಡ ಅನ್ನುವುದಿಲ್ಲ.

ಐಫೋನ್ 14 ಮತ್ತು ಅದರ ಮುಂದಿನವುಗಳಲ್ಲಿ ಸ್ಯಾಟಲೈಟ್ ಎಸ್‌ಒಎಸ್ ಇದೆಯಲ್ಲ, ಮತ್ತೆ ಇನ್ನೊಂದು ಯಾಕೆ ಅಂತ ಬಹಳ ಜನ ಕೇಳುತ್ತಾರೆ. 2022ರ ನವೆಂಬರಿನಿಂದ ಅದು ಇಲ್ಲಿ ಬಳಕೆಯಲ್ಲಿದೆ, ಜೀವಗಳನ್ನೂ ಉಳಿಸಿದೆ. ಆದರೆ ಫೋನನ್ನು ಉಪಗ್ರಹದ ಕಡೆ ಹಿಡಿದು ನಿಲ್ಲಬೇಕು, ಮರಗಳಿದ್ದರೆ ಕಾಯಬೇಕು. ಕೈ ಮುರಿದು ಬಿದ್ದವನಿಗೆ ಅದು ಸುಲಭವಲ್ಲ. ಜೊತೆಗೆ ನಕ್ಷೆ, ಫೋಟೋ, ಟಾರ್ಚು ಎಲ್ಲಾ ಅದೇ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತವೆ. ಫೋನ್ ಬಂಡೆ ಮೇಲೆ ಬಿದ್ದರೆ ದಾರಿಯೂ ಹೋಯಿತು, ಸಹಾಯವೂ ಹೋಯಿತು. ಎರಡನ್ನೂ ಒಂದೇ ಸಾಮಾನಿನ ಮೇಲೆ ಹೇರಬೇಡಿ.

ನಕ್ಷೆಗೆ ನಾವು ಬಳಸಿದ್ದು ಆನ್‌ಎಕ್ಸ್ ಹಂಟ್ ಆ್ಯಪ್. ಯಾವ ಜಾಗ ಸರ್ಕಾರದ್ದು, ಯಾವುದು ಖಾಸಗಿ ಅಂತ ಬಣ್ಣದಲ್ಲಿ ತೋರಿಸುತ್ತದೆ. ಮೀಕರ್ ಕಡೆಯ ತಪ್ಪಲಿನಲ್ಲಿ ಖಾಸಗಿ ರ‍್ಯಾಂಚುಗಳು ಜಾಸ್ತಿ. ಕೊಲೊರಾಡೊದಲ್ಲಿ ಮಾಲೀಕ ಬೇಲಿ ಹಾಕಬೇಕೆಂದಾಗಲಿ ಬೋರ್ಡು ನೆಡಬೇಕೆಂದಾಗಲಿ ಇಲ್ಲ, ಗೊತ್ತಿಲ್ಲದೆ ಒಳಗೆ ಹೋದೆ ಅಂದರೂ ತಪ್ಪು ನಿಮ್ಮದೇ. ಊರು ಬಿಟ್ಟ ಮೇಲೆ ಸಿಗ್ನಲ್ ನೆಚ್ಚಬೇಡಿ. ಮನೆಯಲ್ಲೇ ನಕ್ಷೆ ಡೌನ್‌ಲೋಡ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ದೊಡ್ಡದು ಮಾಡಿ ನೋಡಿ. ಎತ್ತರದ ಗೆರೆಗಳು ಸ್ಪಷ್ಟ ಕಂಡರೆ ಸರಿ, ಮಸುಕಾಗಿದ್ದರೆ ಮತ್ತೆ ಇಳಿಸಿಕೊಳ್ಳಿ. ಗುಂಪಿನ ಎಲ್ಲರ ಫೋನಿನಲ್ಲೂ ಅದೇ ಗುರುತುಗಳಿರಲಿ. ಚಳಿಗೆ ಫೋನಿನ ಬ್ಯಾಟರಿ ಬೇಗ ಕೂತುಹೋಗುತ್ತದೆ. ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ, ಪವರ್ ಬ್ಯಾಂಕ್ ಕೂಡ ಅಲ್ಲೇ. ಹೆಡ್‌ಲ್ಯಾಂಪಿಗೆ ಲಿಥಿಯಂ ಸೆಲ್ ಹಾಕಿ, ಆಲ್ಕಲೈನ್ ಚಳಿಗೆ ತಡೆಯುವುದಿಲ್ಲ.

ಕಾಗದದ ನಕ್ಷೆ, ಕಾಂಪಸ್ ಬೇಕೇ ಬೇಕು. ನೀರಿಗೆ ಹರಿಯದ ನಕ್ಷೆ ಸಿಗುತ್ತದೆ, ಅದನ್ನೇ ಕೊಳ್ಳಿ. ಕಾಂಪಸ್ ಕೊಳ್ಳುವಾಗ ಡಿಕ್ಲಿನೇಶನ್ (ನಿಜವಾದ ಉತ್ತರಕ್ಕೂ ಮುಳ್ಳು ತೋರಿಸುವ ಉತ್ತರಕ್ಕೂ ಇರುವ ವ್ಯತ್ಯಾಸ) ಹೊಂದಿಸುವ ಸೌಲಭ್ಯ ಇರುವುದನ್ನು ನೋಡಿ. ಈ ಭಾಗದಲ್ಲಿ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 8ರಿಂದ 9 ಡಿಗ್ರಿ ಪೂರ್ವಕ್ಕೆ ತೋರಿಸುತ್ತದೆ. ಹೊಂದಿಸದೆ ನಡೆದರೆ ಒಂದು ಮೈಲಿಗೆ 200 ಮೀಟರಿಗಿಂತ ಜಾಸ್ತಿ ಪಕ್ಕಕ್ಕೆ ಹೋಗಿರುತ್ತೀರಿ. ಬಂಡೆಯ ಅಂಚಿನಿಂದ ಇಳಿಯುವ ದಾರಿ ಹುಡುಕುವಾಗ ಅಷ್ಟು ಸಾಕು ತಪ್ಪಲು. ಇನ್ನೊಂದು, ಬೇಟೆಯವರಿಗೇ ಅಂತ ಇರುವ ವಿಷಯ: ಕಾಂಪಸ್ ನೋಡುವಾಗ ಕೋವಿಯನ್ನು ದೂರ ಇಡಿ. ಉಕ್ಕಿನ ನಳಿಕೆ ಹತ್ತಿರವಿದ್ದರೆ ಮುಳ್ಳು ಆ ಕಡೆ ಎಳೆಯುತ್ತದೆ. ನಾವು ಪ್ರತಿ ಸಲ ಕೋವಿಯನ್ನು ಜೊತೆಗಿದ್ದವನ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ಆಚೆ ಹೋಗಿ ನೋಡುತ್ತಿದ್ದೆವು.

ವಾಕಿಟಾಕಿ ಟೆಂಟಿನ ಆಸುಪಾಸಿಗೆ ಸರಿ, ಗುಡ್ಡ ಅಡ್ಡ ಬಂದರೆ ಕೇಳಿಸುವುದಿಲ್ಲ. ಎಫ್‌ಆರ್‌ಎಸ್ ಅನ್ನುವ ಕಡಿಮೆ ಶಕ್ತಿಯ ಸೆಟ್ಟಿಗೆ ಲೈಸೆನ್ಸ್ ಬೇಡ. ಅದಕ್ಕಿಂತ ಹೆಚ್ಚು ಶಕ್ತಿಯ ಜಿಎಂಆರ್‌ಎಸ್ ಸೆಟ್ಟಿನ ಲೈಸೆನ್ಸಿಗೆ 35 ಡಾಲರ್ ಕಟ್ಟಿದರೆ 10 ವರ್ಷಕ್ಕೆ ಇಡೀ ಮನೆಗೆ ಆಗುತ್ತದೆ. ಆದರೆ ರೇಡಿಯೋದಲ್ಲಿ ಮಾತಾಡಿಕೊಂಡು ಪ್ರಾಣಿಯನ್ನು ಬೆನ್ನಟ್ಟುವುದು ಮೊಂಟಾನಾದಂಥ ರಾಜ್ಯಗಳಲ್ಲಿ ಅಪರಾಧ. ಹೋಗುವ ರಾಜ್ಯದ ನಿಯಮ ಓದಿಕೊಳ್ಳಿ.

ಮನೆಯಲ್ಲಿ ಒಂದು ಹಾಳೆ ಬರೆದಿಟ್ಟು ಹೋಗಿ. ಕಾರಿನ ನಂಬರ್, ಕಾರು ನಿಲ್ಲಿಸುವ ಜಾಗ, ಟೆಂಟ್ ಹಾಕುವ ಜಾಗ, ಯಾರ್ಯಾರು ಹೋಗಿದ್ದೀರಿ, ಆ ಕೌಂಟಿಯ ಶೆರಿಫ್ ಕಚೇರಿಯ ನಂಬರ್. ಮುಖ್ಯವಾಗಿ, ಎಷ್ಟು ಹೊತ್ತಿನವರೆಗೆ ಸುದ್ದಿ ಇಲ್ಲದಿದ್ದರೆ ಫೋನ್ ಮಾಡಬೇಕು ಅನ್ನುವುದು. ಮೆಸೆಂಜರ್ ನೀವಿರುವ ಜಾಗವನ್ನು ಮನೆಯವರ ನಕ್ಷೆಯಲ್ಲಿ ತೋರಿಸುವ ಟ್ರ್ಯಾಕಿಂಗ್ ಚುಕ್ಕೆ ಒಂದೇ ಕಡೆ ನಿಂತರೆ ಮನೆಯವರಿಗೆ ಎದೆ ಹೊಡೆದುಕೊಳ್ಳುತ್ತದೆ. ಮಾಂಸ ಬಿಡಿಸುವಾಗ ಗಂಟೆಗಟ್ಟಲೆ ಒಂದೇ ಕಡೆ ಇರುತ್ತೇವೆ ಅಂತ ಮುಂಚೆಯೇ ಹೇಳಿಡಿ. ನಾವು ಮಾರನೇ ದಿನ ಬೆಳಗ್ಗೆ ಹತ್ತು ಗಂಟೆ ಅಂತ ಗಡುವು ಇಟ್ಟಿದ್ದೆವು.

ಶೆರಿಫ್‌ಗೆ ಫೋನ್ ಮಾಡಲು ದುಡ್ಡಿನ ಹೆದರಿಕೆ ಬೇಡ. ಕೊಲೊರಾಡೊದಲ್ಲಿ ಹುಡುಕಿ ಕರೆತರುವವರು ಬಹುಪಾಲು ಸ್ವಯಂಸೇವಕರು, ಅವರು ಬಿಲ್ ಮಾಡುವುದಿಲ್ಲ. ನಿಮ್ಮ ಬೇಟೆ ಲೈಸೆನ್ಸಿನಲ್ಲೇ ಅವರ ನಿಧಿಗೆ ಒಂದು ಸಣ್ಣ ಪಾಲು ಸೇರಿರುತ್ತದೆ. ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರ್ ಆಂಬುಲೆನ್ಸ್ ಮಾತ್ರ ಬೇರೆ ಲೆಕ್ಕ, ಅದಕ್ಕೆ ಬಿಲ್ ಬರುತ್ತದೆ. ನಿಮ್ಮ ಇನ್ಶೂರೆನ್ಸ್ ಕೊಡುತ್ತದೆಯೇ ವಿಚಾರಿಸಿಕೊಳ್ಳಿ.

ಕೊನೆಗೆ, ಊರಿಗೆ ಹೋಗುವವರಿಗೆ. ಭಾರತದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಆಗಲಿ ಇನ್‌ರೀಚ್‌ನಂಥ ಮೆಸೆಂಜರ್ ಆಗಲಿ ಇಟ್ಟುಕೊಳ್ಳುವಂತಿಲ್ಲ. ಇದನ್ನು ಚೀಲದಲ್ಲಿ ಇಟ್ಟುಕೊಂಡು ಬಂದ ಪ್ರವಾಸಿಗಳನ್ನು ವಿಮಾನ ನಿಲ್ದಾಣದಲ್ಲೇ ಹಿಡಿದು ಕೇಸು ಹಾಕಿದ್ದಾರೆ. ಭುಜದ ಪಟ್ಟಿಯಲ್ಲಿ ಸಿಕ್ಕಿಸಿದ್ದು ಹಾಗೇ ಉಳಿದಿದೆಯೇ ನೋಡಿ. ಚೀಲದ ತಳದಲ್ಲಿ ಒಂದು ತೋಟಾ ಉಳಿದಿದ್ದರೂ ಸಾಕು, ಶಸ್ತ್ರಾಸ್ತ್ರ ಕಾಯಿದೆಯಡಿ ಸಿಕ್ಕಿಬೀಳುತ್ತೀರಿ. ಬೇಟೆಗೆ ಒಯ್ದ ಚೀಲವನ್ನು ಬೆಂಗಳೂರಿಗೆ ಒಯ್ಯಲೇಬೇಡಿ, ಬೇರೆಯದನ್ನು ತಗೊಂಡು ಹೋಗಿ.