‘ಆತು ಬಿಡು’ ಎಂಬುದನ್ನು ಮರಾಠಿಯಲ್ಲಿ ಹೇಳಬೇಕಾಗಿ ಬಂದಾಗ

ಮುಂಬಯಿಯ ಮಾಟುಂಗಾದ ಒಂದು ಸಣ್ಣ ಕೋಣೆಯಲ್ಲಿ ಎರಡೂವರೆ ವರ್ಷ ಪ್ರತಿ ಮಂಗಳವಾರ ಸಂಜೆ ಕುಳಿತು ಮಾತನಾಡಿದ ಮೇಲೆ, ಒಂದು ದಿನ ನನ್ನ ಥೆರಪಿಸ್ಟ್ (ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವರು) ಮೇಡಂ, ಕುಟುಂಬದ ಕಾರಣಕ್ಕಾಗಿ ತಾವು ವಿದೇಶಕ್ಕೆ ಹೋಗಿ ನೆಲೆಸುತ್ತಿರುವುದಾಗಿಯೂ, ಅಲ್ಲಿಂದ ಚಿಕಿತ್ಸೆಯನ್ನು ಮುಂದುವರಿಸಲು ಸಾಧ್ಯವಿಲ್ಲವೆಂದೂ, ನಮ್ಮ ಪಾಲಿಗೆ ಇನ್ನು ಆರು ಭೇಟಿಗಳು ಉಳಿದಿವೆಯೆಂದೂ ಹೇಳಿದರು. ನಾನು ಅವರಿಗೆ ಶುಭ ಕೋರಿ, ಉಳಿದ ಹೊತ್ತನ್ನೆಲ್ಲ ಕಚೇರಿಯ ವಿಷಯ ಮಾತನಾಡಿ ಕಳೆದೆ. ಅಳು ಬಂದದ್ದು ಡೊಂಬಿವಲಿಗೆ ಮರಳುವ ಸ್ಲೋ ಲೋಕಲ್ ರೈಲಿನಲ್ಲಿ, ಕುರ್ಲಾ ದಾಟಿದ ಮೇಲೆ.

ಮನೆಯಲ್ಲಿ ವಿಷಯ ತಿಳಿಸಿದಾಗ ನಮ್ಮ ಅತ್ತಿಗೆ, “ಅದಕ್ಯಾಕ ಇಷ್ಟು ಹಚಿಗೋತಿ, ಇನ್ನೊಬ್ಬ ಡಾಕ್ಟರ ಕಡೆ ಹೋದ್ರಾತು” ಎಂದರು. ಅವರ ಮಾತಿನಲ್ಲಿ ಅಕ್ಕರೆಯೇ ಇತ್ತು. ಆದರೆ ನಾನು ಥೆರಪಿಗೆ ಹೋಗತೊಡಗಿದ್ದೇ ಅವ್ವ ಧಾರವಾಡದಲ್ಲಿ ತೀರಿಕೊಂಡಾಗ ಹೊತ್ತಿಗೆ ಸರಿಯಾಗಿ ತಲುಪಲಾಗದೆ, ಆಮೇಲೆ ರೈಲು ಹತ್ತಿದರೆ ಸಾಕು ಉಸಿರು ಕಟ್ಟಿದಂತಾಗತೊಡಗಿದ್ದರಿಂದ. ಅಗಲಿಕೆಯಿಂದ ಬಂದ ಕಾಯಿಲೆಗೆ ಮದ್ದು ಕೊಡುತ್ತಿದ್ದವರೇ ಅಗಲಿ ಹೋಗುವುದನ್ನು ಹಲ್ಲಿನ ಡಾಕ್ಟರು ಬದಲಾದಂತೆ ತೆಗೆದುಕೊಳ್ಳುವುದು ನನ್ನಿಂದಾಗಲಿಲ್ಲ. ಯಾರಾದರೂ ಇಂಥ ಸ್ಥಿತಿಯಲ್ಲಿದ್ದರೆ, ಆ ದುಃಖಕ್ಕಾಗಿ ನಾಚಿಕೊಳ್ಳಬಾರದೆಂದು ನಾನು ಬೇಡಿಕೊಳ್ಳುತ್ತೇನೆ.

ಆರರಲ್ಲಿ ಎರಡನೆಯ ಭೇಟಿಗೆ ನಾನು ಹೋಗಲೇ ಇಲ್ಲ. ತಲೆನೋವೆಂದು ಸಂದೇಶ ಕಳಿಸಿದೆ. ಮುಂದಿನ ವಾರ ಮೇಡಂ ಅದನ್ನೇ ಎತ್ತಿಕೊಂಡು, ಅವ್ವನ ವಿಷಯದಲ್ಲಿ ಸಿಗದೇ ಹೋದ ವಿದಾಯವನ್ನು ಇಲ್ಲಿ ನಾನೇ ಕೈಯಾರೆ ತಪ್ಪಿಸಿಕೊಳ್ಳುತ್ತಿದ್ದೇನೆಯೇ ಎಂದು ಕೇಳಿದರು. ಉಳಿದ ನಾಲ್ಕೂ ಭೇಟಿಗಳಿಗೆ ತಪ್ಪದೆ ಹೋದೆ. ಕೊನೆಯದರಲ್ಲಿ ಅವರು ಎರಡು ಪುಟಗಳ ಒಂದು ಸಾರಾಂಶವನ್ನು ನನ್ನ ಮುಂದೆಯೇ ಓದಿ, ನನ್ನ ಒಪ್ಪಿಗೆ ಕೇಳಿ, ಕೈಗೆ ಕೊಟ್ಟರು: ಏನೇನು ಪ್ರಯತ್ನಿಸಿದೆವು, ರೈಲಿನಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಇನ್ನೂ ಬಾಕಿ ಎಂಬ ವಿವರಗಳು. ಥೆರಪಿಸ್ಟರು ತಾವಾಗಿಯೇ ಕೊಡದಿದ್ದರೆ ಇದನ್ನು ನಾವೇ ಕೇಳಿ ಪಡೆಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಮು ಚಿಕಿತ್ಸೆ ಪಡೆಯುವವರಿಗೆ ತಮ್ಮ ವೈದ್ಯಕೀಯ ದಾಖಲೆಯನ್ನು ನೋಡುವ ಹಕ್ಕನ್ನು ಕೊಡುತ್ತದೆ, 23ನೇ ಕಲಮು ಗೋಪ್ಯತೆಯ ಹಕ್ಕನ್ನು.

ಮಾತ್ರೆಗಳ ವಿಷಯ ಬೇರೆ. ಅವನ್ನು ಬರೆದುಕೊಡುತ್ತಿದ್ದವರು ಮನೋವೈದ್ಯರು, ಅವರು ಇಲ್ಲಿಯೇ ಇದ್ದರು. ಥೆರಪಿ ನಿಂತಿತೆಂದು ಮಾತ್ರೆಯನ್ನೂ ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಕಾಣಿಸಿಕೊಳ್ಳಬಹುದೆಂದು ಅವರು ಎಚ್ಚರಿಸಿದ್ದರಿಂದ ನಾನು ಮಾತ್ರೆ ನಿಲ್ಲಿಸುವ ಗೋಜಿಗೆ ಹೋಗಲಿಲ್ಲ.

ಹೊಸಬರನ್ನು ಹುಡುಕಲು ಏಳು ವಾರ ಹಿಡಿಯಿತು. ಮೊದಲಿಗೆ ನನಗೆ ಕನ್ನಡ ಬಲ್ಲವರೇ ಬೇಕೆಂಬ ಹಟವಿತ್ತು. ಪರಿಚಯದವರ ಮೂಲಕ ಒಬ್ಬರು ಸಿಕ್ಕರು ಕೂಡ. ಆದರೆ ಅವರ ಮೈದುನ ನಮ್ಮ ಯಜಮಾನರ ಕಚೇರಿಯಲ್ಲೇ ಇರುವುದು ಗೊತ್ತಾಯಿತು. ಮುಂಬಯಿ ಎಷ್ಟೇ ದೊಡ್ಡದಾದರೂ ಇಲ್ಲಿನ ಕನ್ನಡಿಗರ ಬಳಗ ಒಂದು ಓಣಿಯಷ್ಟೇ ಚಿಕ್ಕದು. ಮದುವೆಮನೆಯಲ್ಲಿ ಎದುರಾಗಬಹುದಾದವರ ಮುಂದೆ ನಾನು ಬಾಯಿ ಬಿಡಲಾರೆ. ಇನ್ನೊಬ್ಬರ ಜಾಹೀರಾತು ಆಕರ್ಷಕವಾಗಿತ್ತು, ಆದರೆ ಏನು ಓದಿದ್ದೀರಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ಇದೆಯೇ ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸಾ ಮನಶ್ಶಾಸ್ತ್ರಜ್ಞ) ಎಂದು ಹೇಳಿಕೊಳ್ಳುವವರಿಗೆ ಆ ನೋಂದಣಿ ಇರಬೇಕು. ಕೌನ್ಸೆಲರ್ ಎಂಬ ಫಲಕದ ಹಿಂದೆ ಬಗೆಬಗೆಯ ತರಬೇತಿ ಇರಬಹುದು. ಅವರಲ್ಲಿ ಬಹಳ ಒಳ್ಳೆಯವರೂ ಇದ್ದಾರೆ, ಆದರೆ ಕೇಳಿ ತಿಳಿದುಕೊಳ್ಳುವ ಹೊಣೆ ನಮ್ಮದಾಗುತ್ತದೆ.

ಆ ಏಳು ವಾರಗಳಲ್ಲಿ ಎರಡು ರಾತ್ರಿ ನಾನು 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಆರಂಭವಾದದ್ದು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳು ಅದರಲ್ಲಿವೆ. ಥೆರಪಿಯ ಜಾಗವನ್ನು ಅದು ತುಂಬಲಾರದು, ನಿಜ. ಆದರೆ ರಾತ್ರಿ ಎರಡು ಗಂಟೆಗೆ ನನಗೆ ಬೇಕಾಗಿದ್ದದ್ದು ಆ ಕಡೆಯಿಂದ ಒಂದು ದನಿ ಮಾತ್ರ.

ಕೊನೆಗೆ ಠಾಣೆ ನಗರದಲ್ಲಿ ಒಬ್ಬರು ಸಿಕ್ಕರು, ಮರಾಠಿಯವರು. ಮೊದಲ ಮೂರು ಭೇಟಿಗಳ ನಂತರ ಮುಂದುವರಿಯುವುದೋ ಬೇಡವೋ ಎಂದು ಇಬ್ಬರೂ ಸೇರಿ ನಿರ್ಧರಿಸೋಣವೆಂದು ಅವರೇ ಹೇಳಿದ್ದು ನನಗೆ ಸಮಾಧಾನ ತಂದಿತು. ಎಡ್ವರ್ಡ್ ಬೋರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1979ರಲ್ಲಿ, ಥೆರಪಿಯ ಸಂಬಂಧ ನಿಲ್ಲುವುದು ಗುರಿಯ ಬಗೆಗಿನ ಒಪ್ಪಂದ, ಮಾಡಬೇಕಾದ ಕೆಲಸದ ಬಗೆಗಿನ ಒಪ್ಪಂದ ಮತ್ತು ಪರಸ್ಪರ ನಂಟು ಎಂಬ ಮೂರರ ಮೇಲೆ ಎಂದು ವಿವರಿಸಿದ್ದರು. ಮೊದಲೆರಡು ನಮ್ಮ ನಡುವೆ ಬೇಗನೆ ಕುದುರಿದವು. ಮೂರನೆಯದು ಕುದುರಲಿಲ್ಲ, ಏಕೆಂದರೆ ನಾನು ಪ್ರತಿ ಸಲ ಆ ಕುರ್ಚಿಯಲ್ಲಿ ಹಳೆಯ ಮೇಡಂ ಅವರನ್ನೇ ಹುಡುಕುತ್ತಿದ್ದೆ.

ನಾಲ್ಕನೆಯ ವಾರ ಅವ್ವನ ಕೊನೆಯ ಫೋನಿನ ಮಾತು ಬಂತು. ಈ ವಾರ ಬರಲಾಗುವುದಿಲ್ಲ, ರಜೆ ಸಿಗಲಿಲ್ಲ ಎಂದು ನಾನು ಹೇಳಿದ್ದಕ್ಕೆ ಅವಳು, “ಆತು ಬಿಡು, ಪುರುಸೊತ್ತು ಆದಾಗ ಬಾ” ಎಂದು ಫೋನ್ ಇಟ್ಟಿದ್ದಳು. ಧಾರವಾಡದ ಕಡೆಯವರೇ ಆಗಿದ್ದ ಹಳೆಯ ಮೇಡಂಗೆ ಇದನ್ನು ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂದಿತ್ತು, ಆ ‘ಆತು ಬಿಡು’ವಿನ ಬೇಸರ ಏನೆಂದು ನಾವಿಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದೆವು. ಠಾಣೆಯ ಮೇಡಂಗೆ ಅದು ಅರ್ಥವಾಗಲಿಲ್ಲ. ಮರಾಠಿಯಲ್ಲಿ ಹೇಳಹೊರಟರೆ ಮಾತು ಸಪ್ಪಗಾಗುತ್ತಿತ್ತು. ಅವರು ಪೆನ್ನು ಕೆಳಗಿಟ್ಟು, “ನಿಮ್ಮ ತಾಯಿ ಇದನ್ನು ಬೇರೆ ಯಾವ ಯಾವ ಹೊತ್ತಿನಲ್ಲಿ ಹೇಳುತ್ತಿದ್ದರು?” ಎಂದು ಕೇಳಿದರು.

ನಾನು ನೆನಪಿಸಿಕೊಂಡು ಹೇಳತೊಡಗಿದೆ. ಹತ್ತನೆಯ ಇಯತ್ತೆಯಲ್ಲಿ ಗಣಿತದಲ್ಲಿ ಅಂಕ ಕಡಿಮೆ ಬಂದು ಅಳುತ್ತಿದ್ದಾಗ ನನ್ನ ಬೆನ್ನು ಸವರುತ್ತ ಹೇಳಿದ್ದಳು. ಅಪ್ಪ ಕೊಟ್ಟ ಸಾಲ ಮುಳುಗಿದಾಗ ಊಟಕ್ಕೆ ಬಡಿಸುತ್ತ ಅವರಿಗೆ ಹೇಳಿದ್ದಳು. ನನ್ನ ಮಗ ಅವಳ ಮೆಚ್ಚಿನ ಚೀನಿಮಣ್ಣಿನ ಭರಣಿಯನ್ನು ಒಡೆದಾಗ ಅವನನ್ನು ಎತ್ತಿಕೊಂಡು ಹೇಳಿದ್ದಳು. ಬೇಸರದಿಂದ ಹೇಳಿದ್ದೂ ಉಂಟು, ಅದನ್ನೂ ಹೇಳಿದೆ. ಭೇಟಿಯ ಐವತ್ತು ನಿಮಿಷಗಳು ಅದರಲ್ಲೇ ಮುಗಿದವು, ಮುಂದಿನ ಎರಡು ವಾರವೂ ನಾವು ಅಲ್ಲಿಯೇ ಇದ್ದೆವು.

ಹಳೆಯ ಮೇಡಂ ಕೊಟ್ಟ ಸಾರಾಂಶದ ಎರಡನೆಯ ಪುಟದಲ್ಲಿ ‘ತಾಯಿ ಅಸಮಾಧಾನದಿಂದ ಆಡಿದ ಕೊನೆಯ ಮಾತು’ ಎಂಬರ್ಥದ ಒಂದು ಸಾಲಿದೆ. ಅದನ್ನು ಬರೆಸಿದವಳು ನಾನೇ. ಕಳೆದ ಗುರುವಾರ ಆ ಹಾಳೆಯನ್ನು ಠಾಣೆಗೆ ಒಯ್ದು, ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.