ಸಿಸಿಲಿಯನ್ ಹುಡುಕಾಟ: ಮೂರನೇ ಸಲಕ್ಕೆ ಸಿಕ್ಕಿತು

ಈ ಮಳೆಗಾಲ ಒಂದಾದರೂ ಸಾಲಮಾಂಡರ್ (ನೋಡಲು ಹಲ್ಲಿಯಂಥ, ಬಾಲವಿರುವ ಉಭಯವಾಸಿ) ನೋಡಬೇಕು ಅಂತ ಮೇನಲ್ಲಿ ಹೊರಟವನು ನಾನು. ಆಮೇಲೆ ಗೊತ್ತಾಯಿತು, ನಮ್ಮ ದೇಶದಲ್ಲಿ ಅದಿರುವುದು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ಗೋವಾದ ಮಾಪ್ಸಾದ ಬಾಡಿಗೆ ಮನೆಯಲ್ಲಿ ಕೂತು ಡಾರ್ಜಿಲಿಂಗ್ ಟಿಕೆಟ್ ದರ ನೋಡಿದೆ, ಸುಮ್ನಾದೆ.

ಆದರೆ ಉಭಯವಾಸಿಗಳಲ್ಲಿ ಕಪ್ಪೆ, ಸಾಲಮಾಂಡರ್ ಬಿಟ್ಟು ಮೂರನೇ ಗುಂಪೊಂದಿದೆ, ಕಾಲೇ ಇಲ್ಲದ ಸಿಸಿಲಿಯನ್. ಅದು ನಮ್ಮ ಘಟ್ಟದ್ದೇ. 2007ರಲ್ಲಿ ಇಲ್ಲಿನ ಸತ್ತರಿ ತಾಲ್ಲೂಕಿನ ಕೇರಿ ಎಂಬ ಊರಿನಿಂದ ಗೆಗೆನಿಯೋಫಿಸ್ ಗೋವಾಯೆನ್ಸಿಸ್ ಎಂಬ ಹೊಸ ಜಾತಿ ವರದಿಯಾಗಿದೆ, 2011ರಲ್ಲಿ ಗಡಿಯಾಚೆ ಕರ್ನಾಟಕದ ಚೋರ್ಲಾದಿಂದ ಹಳದಿ ಪಟ್ಟೆಯ ಇಕ್ತಿಯೋಫಿಸ್ ಡೇವಿಡಿ. ಎರಡೂ ಬೈಕಿನಲ್ಲಿ ಹೋಗಿ ಬರುವ ದೂರ!

ಜೂನ್ 15. ಕೇರಿ. ಮಳೆ, ಕಪ್ಪೆ, ಮತ್ತೆ ಮಳೆ. ಏನೂ ಇಲ್ಲ.

ಜೂನ್ 29. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ, ಹಾಗಾಗಿ ಪರಿಚಯದವರೊಬ್ಬರ ಅಡಿಕೆ ತೋಟ. ಜೊತೆಗೆ ಬಂದ ವಿಜಯಪುರದ ಗೆಳೆಯ, "ನಮ್ಮ ಕಡೆ ವರ್ಷಕ್ಕ ಬೀಳೋ ಮಳಿ ಇಲ್ಲಿ ವಾರಕ್ಕ ಬೀಳ್ತದಲ್ಲೋ" ಅಂತ ಗೊಣಗುತ್ತಲೇ ಇದ್ದ. ಕಲ್ಲಿನಡಿ ಒಂದು ಸಿಕ್ಕಿತು ಅಂತ ಕುಣಿದೆವು, ನೋಡಿದರೆ ದಪ್ಪ ಎರೆಹುಳು. ಉಂಬಳಕ್ಕೆ (ಕಾಡಿನ ಜಿಗಣೆ) ಅಂತ ಕೈಗೆಲ್ಲ ಉಪ್ಪು ಮೆತ್ತಿಕೊಂಡಿದ್ದೆ. ಸಿಸಿಲಿಯನ್ ಸಿಕ್ಕಿದ್ದರೂ ಮುಟ್ಟುವ ಹಾಗಿರಲಿಲ್ಲ, ಅದರ ಒದ್ದೆ ಚರ್ಮಕ್ಕೆ ಉಪ್ಪು ಅಂದರೆ ವಿಷವೇ.

ಜುಲೈ 13. ಉಪ್ಪಿನ ಪೊಟ್ಟಣ ಬೈಕಿನಲ್ಲೇ ಬಿಟ್ಟೆ. ಈ ಸಲ ಕಲ್ಲು ಬಿಟ್ಟು ಗೊಬ್ಬರಗುಂಡಿಯ ಅಂಚು ನೋಡಿದೆವು, ಎರೆಹುಳು ಜಾಸ್ತಿ ಇರುವ ಕಡೆ ಅದನ್ನು ತಿನ್ನುವವರೂ ಇರಬೇಕಲ್ವಾ. ಕೊಳೆತ ಅಡಿಕೆ ಸೋಗೆ ಎತ್ತಿದ ಕೂಡಲೇ ಕಂಡಿತು. ಸುಮಾರು ಒಂದಡಿ ಉದ್ದ, ನೇರಳೆ ಮಿಶ್ರಿತ ಕಂದು ಮೈ, ಎರಡೂ ಪಕ್ಕ ಹಳದಿ ಪಟ್ಟೆ, ಮೈತುಂಬ ಉಂಗುರ. ಎರೆಹುಳುವಿನ ಹಾಗೆ ಚಾಚಿ ಕುಗ್ಗಲಿಲ್ಲ, ಹಾವಿನ ಹಾಗೆ ಬಳುಕಿತು, ಆದರೆ ನಾಲಿಗೆ ಹೊರಹಾಕಲಿಲ್ಲ. ಕಣ್ಣು ಚುಕ್ಕಿಯಷ್ಟು. ಕಣ್ಣಿಗೂ ಮೂಗಿಗೂ ನಡುವೆ ಪುಟ್ಟ ಮೀಸೆಯಂಥದ್ದು ಹೊರಬಂದು ಒಳಹೋಗುತ್ತದೆ, ಮಣ್ಣೊಳಗೆ ವಾಸನೆ ಹಿಡಿಯುವುದು ಅದರಿಂದ. ನೋಡನೋಡುತ್ತಲೇ ತಲೆ ಚುಚ್ಚಿ ಸೆಗಣಿ ಮಣ್ಣಿಗೆ ಇಳಿದು ಮಾಯ. ಒಟ್ಟು ಅರ್ಧ ನಿಮಿಷ ಇರಬಹುದು. ಐದು ಫೋಟೊದಲ್ಲಿ ನಾಲ್ಕು ಮಸುಕು, ಐದನೆಯದರಲ್ಲಿ ನನ್ನ ಗಂಬೂಟು ಚೆನ್ನಾಗಿ ಬಂದಿದೆ.

ಪಟ್ಟೆ ನೋಡಿದರೆ ಇಕ್ತಿಯೋಫಿಸ್ ಕುಲದ್ದು. ಅದರಲ್ಲೂ ಡೇವಿಡಿ ಜಾತಿಯೇ ಅನ್ನಬೇಕಾದರೆ ಹಿಡಿದು ಉಂಗುರ ಎಣಿಸಬೇಕು. ಹಿಡಿಯಲಿಲ್ಲ. ಸೋಗೆ ಮೊದಲಿದ್ದ ಹಾಗೇ ಮುಚ್ಚಿ ಬಂದೆವು. ಮರಾಠಿಯಲ್ಲಿ ಇದನ್ನು ದೇವಗಾಂಡೂಳ, ಅಂದರೆ ದೇವರ ಎರೆಹುಳು ಅನ್ನುತ್ತಾರೆ. ತೋಟದ ಯಜಮಾನರಿಗೆ ಮಾತ್ರ ಅದು ಹಾವೇ, ವಿಷ ಇಲ್ಲ ಅಂತ ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದರು.

ರಾತ್ರಿ ಶಿರಸಿಯ ನಮ್ಮ ಮನೆಗೆ ಫೋನ್ ಮಾಡಿದೆ. ಪಟ್ಟೆ, ಉಂಗುರ ಎಲ್ಲ ವರ್ಣಿಸಿದ ಮೇಲೆ ಆಯಿ, "ಅಯ್ಯೋ ತಮಾ, ಅದು ನಮ್ಮ ಗೊಬ್ಬರಗುಂಡಿಯಲ್ಲೇ ಇತ್ತಲ್ಲ, ಹಾವಿನ ಮರಿ ಅಂತ ಎಷ್ಟು ಹೊಡೆದಿದ್ದೇವೋ" ಅಂದಳು. ಮೂರು ವಾರಾಂತ್ಯ, ಎರಡು ಟ್ಯಾಂಕ್ ಪೆಟ್ರೋಲ್!

ಇಕ್ತಿಯೋಫಿಸ್ ತಾಯಿ ಒದ್ದೆ ಮಣ್ಣಿನ ಗೂಡಲ್ಲಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕಾಯುತ್ತದೆ, ಮರಿಗಳು ಹೊರಬಂದು ನೀರಿಗೆ ಇಳಿಯುತ್ತವೆ. ಗೂಡು ಅಗೆಯುವ ಉದ್ದೇಶ ಇಲ್ಲ. ಆಗಸ್ಟಿನಲ್ಲಿ ತೋಟದ ಕಾಲುವೆಯಲ್ಲಿ ಮರಿ ಹುಡುಕುತ್ತೇವೆ. ಆಯಿಯೂ ಇನ್ನು ಗುಂಡಿಗೆ ಗುದ್ದಲಿ ಹಾಕುವ ಮೊದಲು ಫೋನ್ ಮಾಡುತ್ತಾಳಂತೆ.