ಸೋಲುವ ಪಾಲು ಹಿರಿಯನದು

12 ಜೂನ್ 2024, ಬುಧವಾರ, ರಾತ್ರಿ

ಸಂಜೆ ನನ್ನ ತಮ್ಮ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. “ಜಪಾನಿನ ಕತ್ತಿವರಸೆ ಅಂತೀಯಲ್ಲಣ್ಣ, ಕೈಯಲ್ಲಿ ಇರೋದು ತೊಗಲು ಸುತ್ತಿದ ಬಿದಿರು. ಪೆಟ್ಟೇ ಆಗಲ್ಲ ಅಂದ್ರೆ ಅದೆಂಥ ವಿದ್ಯೆ?”

ಏಟು ಪೂರ್ತಿ ಬೀಳಲಿ ಅಂತಲೇ ಅದನ್ನು ಹಾಗೆ ಮಾಡಿರುವುದು. ನಾನು ಕಲಿಯುವ ಕತ್ತಿವರಸೆ ಯಾಗ್ಯು ಶಿಂಕಾಗೆ ಪಂಥದ್ದು; ಅದರ ಫುಕುರೊ ಶಿನಾಯ್, ಅಂದರೆ ಚೀಲ ತೊಡಿಸಿದ ಅಭ್ಯಾಸದ ಬಿದಿರುಕತ್ತಿ, ಸುಮಾರು ಒಂದು ಮೀಟರ್ ಉದ್ದ. ಹಿಡಿಯ ಕಡೆ ಬಿದಿರನ್ನು ಇಡಿಯಾಗಿ ಬಿಟ್ಟು, ತುದಿಯತ್ತ ಹೋದಂತೆ 4, 8, 16 ಸೀಳುಗಳಾಗಿ ಸೀಳಿ, ಮೇಲೆ ಅರಗಿನ ಬಣ್ಣ ಹಚ್ಚಿದ ತೊಗಲಿನ ಚೀಲ ತೊಡಿಸುತ್ತಾರೆ. ಆ ತೊಗಲಿನ ಸುಕ್ಕು ನೆಲಗಪ್ಪೆಯ ಬೆನ್ನಿನಂತಿರುವುದರಿಂದ ಹಿಕಿಹಾದಾ ಎಂಬ ಹೆಸರೂ ಇದೆ. ಹಿಡಿಯ ಮೇಲೆ ಕೈ ಕಾಯುವ ತ್ಸುಬಾ ಎಂಬ ತಟ್ಟೆ ಇಲ್ಲ. ಒಳಗೆ ಬಿದಿರು ಮುರಿದರೆ ಹೊರಗೆ ಕಾಣದು, ಆಗಾಗ ಚೀಲ ಕಳಚಿ ನೋಡಲೇಬೇಕು.

ಮರದ ಕತ್ತಿಯಲ್ಲಾದರೆ ಏಟನ್ನು ಕೊನೆಯ ಗೇಣಿನಲ್ಲಿ ತಡೆಯಬೇಕು, ಇಲ್ಲವೇ ಸ್ವಲ್ಪ ಪಕ್ಕಕ್ಕೆ ಹೊಡೆಯಬೇಕು. ವರ್ಷಗಟ್ಟಲೆ ಹೀಗೆ ಮಾಡಿದರೆ ಅಂತರದ ಅಂದಾಜೇ ಸುಳ್ಳಾಗುತ್ತದೆ.

ಈ ಪಂಥದ ಗಾಶ್ಶಿ ಎಂಬ ವರಸೆಯನ್ನೇ ನೋಡಿ. ಎದುರಾಳಿ ನೇರ ತಲೆಗೆ ಹೊಡೆಯುತ್ತಾನೆ. ನೀವು ತಡೆಯುವುದಿಲ್ಲ, ತಪ್ಪಿಸಿಕೊಳ್ಳುವುದೂ ಇಲ್ಲ. ಅವನ ಏಟು ಇನ್ನು ಹಿಂದಕ್ಕೆ ಬರಲಾರದು ಎನ್ನುವ ಹೊತ್ತಿಗೆ, ನಿಮ್ಮದೇ ಮೂಗಿನ ನೇರಕ್ಕೆ ಕೆಳಗಿಳಿಸುತ್ತೀರಿ. ಕೂದಲೆಳೆಯಷ್ಟು ತಡವಾಗಿ ಹೊರಟ ನಿಮ್ಮ ಕತ್ತಿ ಅವನದರ ಮೇಲೇರಿ, ಅದನ್ನು ಪಕ್ಕಕ್ಕೆ ಸರಿಸಿ, ಅವನ ಮುಷ್ಟಿಗೆ ಬೀಳುತ್ತದೆ. ಬೇಗ ಹೊರಟರೆ ಅವನು ದಾರಿ ಬದಲಿಸುತ್ತಾನೆ. ಕಣ್ಣು ಅವನ ಕತ್ತಿಯ ಮೇಲೆ ನೆಟ್ಟರೆ ಕೈ ತಾನಾಗಿ ಅಡ್ಡಕ್ಕೆ ಬೀಸುತ್ತದೆ, ನಡುಗೆರೆ ತೆರೆದುಕೊಳ್ಳುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ.

ಇದು ಕೂಡಿಬರಬೇಕಾದರೆ ಹೊಡೆಯುವವನು ನಿಜವಾಗಿ ಹೊಡೆಯಬೇಕು. ಅದಕ್ಕೇ ಆ ಪಾತ್ರ ಹಿರಿಯನದು, ಸೋಲುವ ಪಾಲೂ ಅವನದೇ. ಕಿರಿಯನ ಮೇಲಿನ ಕರುಣೆಗೆ ಅವನು ಏಟನ್ನು ಒಂದಿಷ್ಟು ಅತ್ತ ಸರಿಸಿದರೆ, ಕಿರಿಯ ಕಲಿಯುವುದು ಸುಳ್ಳು ಏಟಿಗೆ ಉತ್ತರವನ್ನು. ನನಗೆ ಇಡೀ ವಿದ್ಯೆಯಲ್ಲಿ ಅತಿ ದೊಡ್ಡದಾಗಿ ಕಾಣುವುದು ಈ ಏರ್ಪಾಡು.

1563ರಲ್ಲಿ ನಾರಾ ಸೀಮೆಯಲ್ಲಿ ಶಿಂಕಾಗೆ ಪಂಥ ಕಟ್ಟಿದ ಕಾಮಿಇಝುಮಿ ನೊಬುತ್ಸುನಾನ ಎದುರು ಸೋತ ಮೇಲೆಯೇ ಯಾಗ್ಯು ಮನೆತನದ ಮುನೆಯೋಶಿ ಅವನ ಶಿಷ್ಯನಾದದ್ದು. 1565ರಲ್ಲಿ ಗುರುವಿನಿಂದ ಅಧಿಕಾರಪತ್ರ. 1594ರಲ್ಲಿ ಕ್ಯೋಟೋದಲ್ಲಿ, ಮುಂದೆ ಜಪಾನನ್ನು ಆಳಿದ ತೊಕುಗಾವಾ ಇಎಯಾಸು ಎದುರು ಬರಿಗೈಯಲ್ಲಿ ಕತ್ತಿ ಕಸಿಯುವುದನ್ನು ತೋರಿಸಿದ. ಮಗ ಮುನೆನೊರಿಯದು ಎದೋ (ಇಂದಿನ ಟೋಕಿಯೊ) ಕಡೆಯ ಶಾಖೆ, ಮೊಮ್ಮಗ ಹ್ಯೋಗೊನೊಸುಕೆಯದು ನಗೋಯಾದ ಓವಾರಿ ಶಾಖೆ.

ಈ ಹ್ಯೋಗೊನೊಸುಕೆ ನಿಲುವನ್ನೇ ಬದಲಿಸಿದ. ಕವಚ ತೊಟ್ಟ ಕಾಲಕ್ಕೆ ಮೈ ತಗ್ಗಿಸಿ ನಿಲ್ಲುವುದೇ ಸರಿ, ಶಿರಸ್ತ್ರಾಣದ ಮೇಲೆ ಕತ್ತಿ ಎತ್ತುವುದೂ ಕಷ್ಟ. ಕವಚ ಕಳಚಿದ ಮೇಲೆ ನೆಟ್ಟಗೆ ನಿಲ್ಲಬಹುದು, ತಲೆಯ ಮೇಲಿಂದ ಇಳಿಸಬಹುದು. ನೆಟ್ಟಗೆ ನಿಂತಾಗ ಏಟು ಇಳಿಯುವ ದಾರಿ ಉದ್ದ, ಅಂದರೆ ಗಾಶ್ಶಿಯಲ್ಲಿ ಕಾಯುವ ಆ ಕ್ಷಣವೂ...